ಚೀಲವಿಲ್ಲದ ಬ್ಯಾಗ್‌ಪೈಪು

ಶಹಾಬಾದಿನ ಶಾಲೆಯಲ್ಲಿ ಹಗಲು ಪಾಠ ಹೇಳಿ, ಸಂಜೆ ನಾನೇ ವಿದ್ಯಾರ್ಥಿನಿಯಾಗಿ ಭಂಕೂರಕ್ಕೆ ಹೋಗುತ್ತಿದ್ದೆ. ಸೈನ್ಯದ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದಿ ನಿವೃತ್ತರಾದ ಮಾಸ್ತರರೊಬ್ಬರು ಅಲ್ಲಿದ್ದರು. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಮನೆಯಲ್ಲಿ ನಗುತ್ತಿದ್ದರು. ನಗಲಿ. ಗಣರಾಜ್ಯೋತ್ಸವದ ದಿನ ಅವರು ನಮ್ಮ ಶಾಲೆಯ ಅಂಗಳದಲ್ಲಿ ಊದಿದ್ದನ್ನು ಕೇಳಿದಾಗಿನಿಂದ ನನಗೆ ಬೇರೇನೂ ಬೇಡವಾಗಿತ್ತು. ರಾಗದ ಕೆಳಗೆ ಬಿಡದೆ ನಿಂತಿದ್ದ ಆ ಶ್ರುತಿ ಒಮ್ಮೆ ನನ್ನ ತೋಳಿನ ಅಡಿಯಿಂದ ಹೊರಡಬೇಕು, ಅಷ್ಟೇ ಆಸೆ.

ಆದರೆ ಗಾಳಿ ತುಂಬಿ ತೋಳಿನಡಿ ಒತ್ತುವ ಬ್ಯಾಗ್‌ಪೈಪಿನ ಚೀಲ ಕಲಿಯುವವರ ಕೈಗೆ ಮೊದಲೇ ಬರುವುದಿಲ್ಲ. ಬೆರಳು ಪಳಗಲಿ ಎಂದು ಕೊಳಲಿನಂಥ ಒಂದು ಚಿಕ್ಕ ನಳಿಗೆ ಕೊಡುತ್ತಾರೆ. ಅದರಲ್ಲಿ ರಾಗವಿದೆ, ಶ್ರುತಿ ಇಲ್ಲ. ಶ್ರುತಿಯ ಕೊಳವೆಗಳಿರುವುದು ಚೀಲಕ್ಕೆ. ನಳಿಗೆ ಊದುತ್ತಲೇ ಮಳೆಗಾಲ ಕಳೆಯಿತು, ತೊಗರಿ ರಾಶಿಯೂ ಮುಗಿಯಿತು. ಚೀಲ ಮಾತ್ರ ಗೋಡೆಯ ಗೂಟದಲ್ಲೇ ಇತ್ತು.

“ಮಾಸ್ತರ್ರೇ, ಚೀಲ ಯಾವಾಗ ಕೊಡ್ತೀರಿ?”

“ಸಬರ್ ಮಾಡ್ರಿ ಅಕ್ಕೋರೆ, ಇನ್ನಷ್ಟು ದಿನ ತಡೀರಿ.”

ನನ್ನ ಬೆರಳೇ ಸರಿಯಿಲ್ಲವೇನೋ ಎಂದು ಮನಸ್ಸು ಸಣ್ಣದಾಗುತ್ತಿತ್ತು. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಪಟ್ಟು ಹಿಡಿದೆ. ಮಾಸ್ತರರು ತಲೆ ತಗ್ಗಿಸಿದರು.

“ಬೆರಳು ಭಾಳ ಛಲೋ ಅದಾವ್ರಿ. ಖರೆ, ನೀವು ಆಚಾರರ ಮನಿಯವರು, ಮಡಿ ಮಂದಿ. ಇದು ಚರ್ಮದ ಚೀಲ, ಊದೋ ಕೊಳವಿ ನನ್ನ ಎಂಜಲ. ನಿಮಗ ಹ್ಯಾಂಗ ಕೊಡ್ಲಿ? ಹೊಸಾ ಕೊಳವಿ ತರಸಲಿಕತ್ತೀನಿ, ಅದು ಬರ್ಲಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ವಾಡಿ ಸ್ಟೇಷನ್‌ನಾಗ ಯಾರ್ಯಾರೋ ಕುಡಿದ ಗ್ಲಾಸಿನಾಗ ಚಹಾ ಕುಡೀತೀನ್ರಿ ನಾ!” ಎಂದೆ.

“ಅದು ಬ್ಯಾರೆ ರಿ, ಇದು ಬ್ಯಾರೆ” ಎಂದವರೇ ಚೀಲವನ್ನು ಒಳಗಿಟ್ಟು ಬಂದರು. ನನ್ನ ಮಡಿಯನ್ನು ನನಗಿಂತ ಅವರೇ ಹೆಚ್ಚು ಕಾಯುತ್ತಿದ್ದರು.

ಹೊಸ ಕೊಳವೆ ಬರಲೇ ಇಲ್ಲ. ಅಷ್ಟರಲ್ಲಿ ಮಾಸ್ತರರ ಎದೆ ಕೈಕೊಟ್ಟಿತು. ಇನ್ನು ಊದಲೇಬಾರದು ಎಂದರು ಡಾಕ್ಟರು. ಮಗಳು ಬಂದು ಅವರನ್ನು ಸಿಕಂದರಾಬಾದಿನ ತನ್ನ ಮನೆಗೆ ಹೊರಡಿಸಿದಳು.

ಬೀಳ್ಕೊಡಲು ವಾಡಿಗೆ ಹೋದೆ. ಗಾಡಿ ತಡವಿತ್ತು. ಮಾಸ್ತರರು ಪೆಟ್ಟಿಗೆ ತೆರೆದು ಚೀಲ ತೆಗೆದರು. ಊದುವ ಕೊಳವೆಯನ್ನು ಟವೆಲಿನಿಂದ ಒರೆಸಿದರು, ಮತ್ತೆ ಒರೆಸಿದರು.

“ಊದ್ರಿ. ಇನ್ನ ಇದು ಯಾರ ಎಂಜಲಾನೂ ಅಲ್ಲ.”

ಪ್ಲಾಟ್‌ಫಾರ್ಮಿನ ಜನವೆಲ್ಲ ನೋಡುತ್ತಿದ್ದರು. ಊದಿದೆ. ಚೀಲ ತುಂಬಿತು, ಶ್ರುತಿ ಎದ್ದಿತು, ನನ್ನ ಪಕ್ಕೆಯೆಲ್ಲ ಅದುರಿತು. ಬೆರಳು ಮಾತ್ರ ಆಡಲಿಲ್ಲ. ರಾಗ ಶುರುವಾಗುವ ಮೊದಲೇ ಗಾಡಿ ಬಂತು.

ಚೀಲ ಅವರ ಜೊತೆಗೇ ಹೋಯಿತು. ಇಟ್ಟುಕೊಳ್ಳಿ ಎಂದು ಅವರು ಹೇಳಲಿಲ್ಲ, ಕೊಡಿ ಎಂದು ನಾನೂ ಕೇಳಲಿಲ್ಲ. ಊದಲಾಗದವರಿಗೆ ಅದು ಕಣ್ಣೆದುರಾದರೂ ಇರಬೇಡವೇ? ಹಾಗೆಂದು ನನ್ನ ಹೊಟ್ಟೆ ತಣ್ಣಗಾಗಿಲ್ಲ. ತೋಳಿನ ಅಡಿ ಈಗಲೂ ಖಾಲಿ ಖಾಲಿ ಅನಿಸುತ್ತದೆ.

ಈಗ ಭಾನುವಾರ ಫೋನಿನಲ್ಲಿ ಪಾಠ. ನಾನು ನಳಿಗೆ ಊದುತ್ತೇನೆ, ಆಚೆಯಿಂದ ಮಾಸ್ತರರು ಬಾಯಿ ಮುಚ್ಚಿಕೊಂಡು ಹೂಂ ಎಂದು ಶ್ರುತಿ ಹಿಡಿಯುತ್ತಾರೆ. ನಡುವೆ ಅವರ ಉಸಿರು ತುಂಡಾಗುತ್ತದೆ. ನಾನು ನಿಲ್ಲಿಸಿದರೆ ಬೈಯುತ್ತಾರೆ. ಅದಕ್ಕೇ ನಿಲ್ಲಿಸದೆ ಊದುತ್ತಾ, ಆ ದನಿ ಮತ್ತೆ ಬರುವುದನ್ನು ಕಾಯುತ್ತೇನೆ.