ಕಾಲರು, ತೋಳುಗಳ ಬೆನ್ನಿಗಿದ್ದ ಬರಹ

ನನ್ನ ನಾದಿನಿ ಹೊಲಿಯುತ್ತಿದ್ದುದು ಬೇರೆ ದರ್ಜಿಗಳು ಕೈಮುಗಿದು ಸಾಗಹಾಕಿದವರಿಗೆ. ಒಂದು ಭುಜ ಇಳಿದವರು, ಬೆನ್ನು ಬಾಗಿದವರು, ಒಂದು ತೋಳು ಗಿಡ್ಡವಾದವರು. ಬೇರೆಯವರಿಗಾದರೆ ಬಟ್ಟೆ ಮಡಿಚಿ ಎರಡು ಮಗ್ಗುಲನ್ನೂ ಒಟ್ಟಿಗೆ ಕತ್ತರಿಸಬಹುದು. ಇವರಿಗೆ ಎಡದ ಲೆಕ್ಕವೇ ಬೇರೆ, ಬಲದ ಲೆಕ್ಕವೇ ಬೇರೆ. ಅವಳಿಗೋ ಕೂಡುವುದು ಕಳೆಯುವುದೆಂದರೆ ತಲೆನೋವು. ಅದಕ್ಕೇ ನಮ್ಮ ಮನೆಯವರು ತಂಗಿಯನ್ನು ಕೂರಿಸಿಕೊಂಡು, ಕೇಳಿ ಕೇಳಿ, ಒಂದು ಪ್ರೋಗ್ರಾಮು ಬರೆದುಕೊಟ್ಟಿದ್ದರು. ಅಳತೆ ಒತ್ತಿದರೆ ಕತ್ತರಿಸುವ ಗೆರೆಗಳು ಕಾಗದದ ಮೇಲೆ ಅಚ್ಚಾಗಿ ಬರುತ್ತಿದ್ದವು.

ಅವರು ತೀರಿಹೋದ ಹನ್ನೊಂದನೇ ವರ್ಷ ಆ ಪ್ರೋಗ್ರಾಮಿದ್ದ ಕಂಪ್ಯೂಟರೂ ಕಣ್ಣು ಮುಚ್ಚಿತು. ಒಂದು ಭುಜ ಇಳಿದ ಅಂಚೆಯವರ ಕೋಟು ವಾರದೊಳಗೆ ಆಗಬೇಕಿತ್ತು, ಅವರ ಮಗಳ ಮದುವೆ. ರಿಪೇರಿಯವನು ಅಂಗೈಯಗಲದ ಹೊಸ ಕಂಪ್ಯೂಟರ್ ಪೆಟ್ಟಿಗೆ ತಂದ. ಇದರ ಚಿಪ್ಪಿನ ನಕ್ಷೆ ಎಲ್ಲರಿಗೂ ಬಿಟ್ಟದ್ದು, ಯಾರು ಬೇಕಾದರೂ ನೋಡಿ ತಯಾರಿಸಬಹುದು ಎಂದು ಹೊಗಳುತ್ತಲೇ ಹಳೆಯದರ ಡಿಸ್ಕಿನಲ್ಲಿ ಉಳಿದಿದ್ದ ಪ್ರೋಗ್ರಾಮನ್ನು ಅದಕ್ಕೆ ಹಾಕಿದ. ಅದು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲಿಲ್ಲ.

"ಇದು ಹಳೇ ಚಿಪ್ಪಿನ ಮಾತಲ್ಲಿದೆ ಅಕ್ಕ. ಹೊಸದಕ್ಕೆ ಆ ಮಾತು ಬರಲ್ಲ."

"ತನ್ನ ನಕ್ಷೆನೆಲ್ಲ ಊರಿಗೇ ತೋರಿಸುತ್ತೆ, ನನ್ನದನ್ನ ಓದೋಕೆ ಮಾತ್ರ ಬರಲ್ವಾ? ಚೆನ್ನಾಗಿರೋದನ್ನೇ ತಂದೆ ಬಿಡಪ್ಪ," ಎಂದಳು ನಾದಿನಿ.

ನಕ್ಷೆ ತೆರೆದಿದ್ದ ಮಾತ್ರಕ್ಕೆ ಹಳೆಯದೆಲ್ಲ ಅದರಲ್ಲಿ ಓಡುವುದಿಲ್ಲವಂತೆ. ಅಣ್ಣ ಕೈಯಾರೆ ಬರೆದ ಮೂಲ ಬರಹ ಸಿಕ್ಕರೆ ಮಾತ್ರ ಹೊಸ ಚಿಪ್ಪಿನ ಮಾತಿಗೆ ತಿರುಗಿಸಬಹುದು, ಕಾಗದದಲ್ಲಿದ್ದರೂ ಸಾಕು ಎಂದ.

ಆ ಬರಹ ಕಾಗದದಲ್ಲಿತ್ತು. ಜೋಪಾನ ಎಂದು ಹೇಳಿ ನಮ್ಮವರು ನಾದಿನಿಗೆ ಹಾಳೆಗಳ ಒಂದು ಕಟ್ಟು ಕೊಟ್ಟಿದ್ದರು. ಪ್ರೋಗ್ರಾಮು ಪೆಟ್ಟಿಗೆಯೊಳಗೇ ಇದೆಯಲ್ಲ ಎಂದುಕೊಂಡು, ಕಾಗದ ಖಾಲಿಯಾದಾಗ ಇವಳು ಅದೇ ಹಾಳೆಗಳನ್ನು ಮಗುಚಿ ಪ್ರಿಂಟರಿಗೆ ತುಂಬಿದ್ದಳು. ಅವುಗಳ ಬೆನ್ನಿಗೆ ಗೆರೆ ಮೂಡಿಸಿಕೊಂಡು ಕಾಲರು, ತೋಳು, ಕಂಕುಳು ಎಂದು ಕತ್ತರಿಸಿಯೂ ಆಗಿತ್ತು.

ಪುಣ್ಯಕ್ಕೆ ಯಾರ ಕಾಗದದ ಮಾದರಿಯನ್ನೂ ಅವಳು ಬಿಸಾಡಿದವಳಲ್ಲ. ಗೋಡೆಯ ತುಂಬ ಮೊಳೆಗೆ ನೇತುಹಾಕಿದ್ದಳು. ಎಲ್ಲವನ್ನೂ ಇಳಿಸಿ ನೆಲದ ಮೇಲೆ ಹರಡಿದೆವು. ಬರಹದ ಸಾಲುಸಾಲಿಗೂ ನಂಬರಿತ್ತು. ನಾನು ಮಂಡಿಯೂರಿ ನಂಬರು ಹುಡುಕಿದೆ, ಅವಳು ಜೋಡಿಸಿದಳು, ರಿಪೇರಿಯವನು ಬೆರಳಚ್ಚು ಮಾಡಿದ. ಅಂಚೆಯವರ ಹಳೇ ತೋಳಿಗೆ ಬ್ಯಾಂಡಿನವನ ಕಾಲರು ಕೂಡಿತು. ಮೂರು ದಿನ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಕತ್ತರಿಸಿ ಉಳಿದ ಚೂರುಗಳು ಮಾತ್ರ ಎಂದೋ ಕಸಕ್ಕೆ ಹೋಗಿದ್ದವು. ಭುಜದ ಲೆಕ್ಕದಲ್ಲಿ ಒಂಬತ್ತು ಸಾಲು ಇಲ್ಲ.

"ಇಲ್ಲೇನಿತ್ತೋ ದೇವರಿಗೇ ಗೊತ್ತು," ಎಂದ ಅವನು ಕೈಚೆಲ್ಲಿ.

"ದೇವರನ್ನ ಯಾಕೆ ಕೇಳ್ತೀಯ? ಅಣ್ಣನಿಗೆ ಹೇಳಿಕೊಟ್ಟಿದ್ದು ನಾನು. ಭುಜ ಎಷ್ಟು ಇಳಿದಿದೆಯೋ ಅದರಲ್ಲಿ ಅರ್ಧ ಕಂಕುಳಲ್ಲಿ ತೆಗಿ. ಇನ್ನರ್ಧ ಕತ್ತಿನ ಹತ್ತಿರ ಬಿಡು. ಬೆನ್ನು ಬಾಗಿದ್ರೆ ಹಿಂದಕ್ಕೆ ಎರಡು ಬೆರಳು ಜಾಸ್ತಿ."

ಅವಳು ಉಸಿರು ತೆಗೆದುಕೊಳ್ಳದೆ ಹೇಳುತ್ತಾ ಹೋದಳು, ಅವನು ಬರೆಯುತ್ತಾ ಹೋದ. ತಲೆನೋವಿನ ಸುದ್ದಿಯೇ ಇಲ್ಲ.

ಐದನೇ ದಿನ ಹೊಸ ಪೆಟ್ಟಿಗೆಯಿಂದ ಗೆರೆಗಳು ಬಂದವು. ಅಂಚೆಯವರು ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗಿ ನಿಂತರು. ಎರಡು ಭುಜದ ಮೇಲೂ ಒಂದು ಸುಕ್ಕಿಲ್ಲದೆ ಕೂತಿತ್ತು.

ರಿಪೇರಿಯವನು ಇಡೀ ಬರಹವನ್ನು ಮತ್ತೆ ಅಚ್ಚು ಹಾಕಿ ತಂದಾಗ ನಾದಿನಿ ಅದನ್ನು ಮುಟ್ಟಲೇ ಇಲ್ಲ.

"ಅತ್ತಿಗೆ, ನಿಮ್ಮ ಟ್ರಂಕಲ್ಲಿಟ್ಟು ಬೀಗ ಹಾಕಿ. ಕಾಗದ ಖಾಲಿಯಾಯ್ತು ಅಂತ ನಾನು ಬಂದು ಅತ್ತರೂ ಕೊಡಬೇಡಿ."

ಬೀಗದ ಕೈ ಇಂದಿಗೂ ನನ್ನ ಸೆರಗಿನ ಗಂಟಿನಲ್ಲಿದೆ. ಎರಡು ಸಲ ಕೇಳಿದ್ದಾಳೆ. ಕೊಟ್ಟಿಲ್ಲ.