ಕಾಕಾನ ರುಮಾಲು

ಮೊನ್ನೆ ಟ್ರಂಕು ತೆಗೆದಾಗ ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ತಲೆಗೆ ಸುತ್ತುವ ಆ ರುಮಾಲಿತ್ತು, ಹಿರೋಳ್ಳಿಯ ನಮ್ಮ ಪಕ್ಕದ ಮನೆಯ ಕಾಕಾನದು. "ಹಳೇ ಬಟ್ಟಿಗೆ ಬೋಗಾಣಿ ಕೊಡಾಕತ್ತಾರ, ಇದನ್ನೂ ಹಾಕಲೇನ ಆಯಿ?" ಎಂದಳು ಮೊಮ್ಮಗಳು. ಅವಳ ಕೈಯಿಂದ ಕಿತ್ತುಕೊಂಡೆ.

ಆಗ ನಾನು ಮದುವೆಯಾಗಿ ಬಂದ ಹೊಸದು. ನಮ್ಮೂರ ಧರ್ಮಶಾಲೆಗೆ ಹಿಂದೆ ಯಾರೋ ಪುಣ್ಯಾತ್ಗಿತ್ತಿ ಒಂದು ಹೊಲ ಬರೆದುಕೊಟ್ಟಿದ್ದಳಂತೆ, ದಾರಿಹೋಕರ ಊಟಕ್ಕೆಂದು. ಅದನ್ನು ನೋಡಿಕೊಳ್ಳುವ ಮೂವರು ಪಂಚರಲ್ಲಿ ಕಾಕಾ ಒಬ್ಬರು. ನಲವತ್ತೆಂಟರಲ್ಲಿ ರಜಾಕಾರರ ಭಯಕ್ಕೆ ಜೇವರ್ಗಿ, ಅಫಜಲಪುರದ ಕಡೆಯ ಜನ ನಿಜಾಮನ ಗಡಿ ದಾಟಲೆಂದು ನಮ್ಮೂರಿಗೆ ಬಂದು ಸೇರತೊಡಗಿದರು. ಉಳಿದಿಬ್ಬರು ಪಂಚರು ಅಷ್ಟರಲ್ಲೇ ಸೋಲಾಪುರ ಸೇರಿದ್ದರು. ಧರ್ಮಶಾಲೆಯಲ್ಲಿ ಕಾಳು ಮುಗಿದಿತ್ತು. ಹಸಿದ ಕೂಸುಗಳ ಆ ಅಳು...

ನಮ್ಮಲ್ಲೊಂದು ಪದ್ಧತಿಯಿತ್ತು. ಪಂಚಾಯಿತಿಗೆ ಬರಲಾಗದವರು ತಮ್ಮ ರುಮಾಲು ಕಳಿಸುತ್ತಿದ್ದರು; ಅದನ್ನು ಪಂಚರು ಕೂಡುವ ಕಂಬಳಿಯ ಮೇಲಿಟ್ಟರೆ ಅವರೂ ಒಪ್ಪಿದಂತೆ. ಆ ಇಬ್ಬರೂ ರುಮಾಲು ಕೊಟ್ಟೇ ಹೋಗಿದ್ದರು. ಕಾಕಾ ಅವನ್ನು ಎಡಬಲಕ್ಕೆ ಇಟ್ಟುಕೊಂಡು ಕೂತು ಹೊಲ ಮಾರಿದರು. ಕೊಂಡವರು ನಾವು. ಮಂದಿ ಹೊಲ ಪಾಲಿಗೆ ಮಾಡಿ, ನೆಲದೊಳಗಿನ ಹಗೇವಿನಲ್ಲಿ ಕೂಡಿಟ್ಟ ಜೋಳವನ್ನೆಲ್ಲ ತೋಡಿ ಕೊಟ್ಟೆವು, ನನ್ನ ತವರಿನ ಬಂಗಾರದ ಪಾಟ್ಲಿ ಬಳೆಗಳನ್ನೂ. ನನ್ನ ಗಂಡ ಸ್ವಂತದ್ದೆಂದು ಕಂಡ ಹೊಲ ಅದೊಂದೇ.

ಗಲಾಟೆ ತಣ್ಣಗಾಗಿ ಎಲ್ಲರೂ ಮರಳಿದ ಮೇಲೆ ಒಬ್ಬ ಪಂಚ ಕೋರ್ಟಿಗೆ ಹೋದ. "ರುಮಾಲ ಇಟ್ಟಕೋ ಅಂದಿದ್ದೆ, ಹೊಲ ಮಾರು ಅಂದಿದ್ದಿಲ್ರಿ" ಎಂದನಂತೆ, ಮಹಾನುಭಾವ! ಇನ್ನೊಬ್ಬ ಸಾಕ್ಷಿ ಹೇಳಲು ಕೋರ್ಟಿನ ಕಡೆಗೇ ಬರಲಿಲ್ಲ. ದಾನಪತ್ರದಲ್ಲಿ ಪಂಚರಿಗೆ ಹೊಲದ ಬೆಳೆ ಉಣಿಸುವ ಅಧಿಕಾರವಿತ್ತು, ಹೊಲ ಮಾರುವ ಅಧಿಕಾರವಿರಲಿಲ್ಲ. ಮಾರಲೇಬೇಕಾದರೆ ಮೂವರೂ ಸಹಿ ಮಾಡಿ ಕೋರ್ಟಿನ ಅಪ್ಪಣೆ ಪಡೆಯಬೇಕಿತ್ತಂತೆ. ಕಾಕಾ ಒಬ್ಬರೇ ಮಾರಿದ್ದು ಮಾರಾಟವೇ ಅಲ್ಲ ಎಂದಾಯಿತು. ಬಿತ್ತಿದ ಹೊಲ ಬಿಟ್ಟು ಎದ್ದು ಬಂದೆವು. ಕೂಸುಗಳು ಉಂಡು ಮುಗಿಸಿದ ಜೋಳವನ್ನು ಕಾಕಾ ಎಲ್ಲಿಂದ ತರಬೇಕು?

ಅಂದು ಸಂಜೆ ಅವರು ನಮ್ಮ ಹೊಸ್ತಿಲಲ್ಲಿ ನಿಂತು, ತಮ್ಮ ತಲೆಯ ರುಮಾಲು ಬಿಚ್ಚಿ ನನ್ನ ಉಡಿಯಲ್ಲಿ ಹಾಕಿದರು. "ಹೊಲ ಹೊಳ್ಳಿ ಕೊಡಿಸ್ತೇನಿ ಯವ್ವಾ. ಅಲ್ಲೀತನ ಇದು ನಿನ್ನ ಕಡೆ ಇರ್ಲಿ."

ಅಯ್ಯ, ನನಗ್ಯಾಕೆ ಬೇಕಿತ್ತು ಅದು! ಅಂದಿನಿಂದ ಮದುವೆ ಮನೆಗೂ ಅವರು ಬರಿತಲೆಯಲ್ಲೇ ಹೋದರು. ಪಂಚರ ಕಂಬಳಿಯ ಮೇಲೆ ಮತ್ತೆ ಕೂಡಲಿಲ್ಲ.

ಅವರ ಕೊನೆಗಾಲಕ್ಕೆ ರುಮಾಲು ಒಯ್ದೆ. "ಹೊಲ ಬಂತೇನ್ ಯವ್ವಾ?" ಎಂದರು.

"ಹೊಲದ ಮಾತು ಬಿಡ್ರಿ ಕಾಕಾ. ಅವತ್ತ ಉಂಡ ಕೂಸುಗಳು ಬದುಕ್ಯಾವಲ್ರಿ. ಸುತ್ತಿಕೋರಿ."

ನನ್ನ ಕೈ ಸರಿಸಿ ಗೋಡೆಯ ಕಡೆ ಹೊರಳಿದರು. ಬರಿತಲೆಯಲ್ಲೇ ಮಣ್ಣಿಗೆ ಹೋದರು.

ನನ್ನ ಗಂಡನೂ ಹೋಗಿ ಎಷ್ಟೋ ಕಾಲವಾಯಿತು. ಆ ಹೊಲ ಈಗ ಯಾರ ಕೈಯಲ್ಲಿದೆಯೋ... ಮೊಮ್ಮಗಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. "ಇದು ಇಟ್ಟಕೊಂಡಿರು ಅಂತ ಕೊಟ್ಟದ್ದು ನನ್ನ ಕೂಸ. ಯಾರಿಗೂ ಕೊಡೋ ಹಕ್ಕು ನನಗಿಲ್ಲ" ಎಂದೆ. ಹೊಸ ಬೇವಿನೆಲೆ ತರಿಸಿ, ರುಮಾಲಿನ ಮಡಿಕೆಯಲ್ಲಿಟ್ಟು, ಟ್ರಂಕು ಮುಚ್ಚಿದೆ.