ಹಡಗು ಬಂದ ದಿನ

ಮೀನುಗಾರನ ಬಸುರಿ ಹೆಂಡತಿ ಮಾರ್ಯುನ್ ಸೂಲಗಿತ್ತಿ ಬಿರ್ನಕ್ಕನನ್ನು ಮೊದಲು ಕಂಡದ್ದು ಫಾರೋ ದ್ವೀಪದ ಒಂದು ಮಾರ್ಚ್ ಬೆಳಿಗ್ಗೆ, ಬಿರ್ನಕ್ಕನದೇ ಅಡುಗೆಮನೆಯಲ್ಲಿ. ಹೊರಗಿನಿಂದ ಬಂದ ಬಿರ್ನಕ್ಕ ಒದ್ದೆ ಕೈಗವಸನ್ನು ಒಲೆಯ ಪಕ್ಕ ಹರವಿ, ಅಂಗೈ ಬೆಚ್ಚಗಾಗುವವರೆಗೂ ಮಾರ್ಯುನ್‌ಳ ಹೊಟ್ಟೆ ಮುಟ್ಟಲಿಲ್ಲ. ಎಷ್ಟು ತಿಂಗಳಾಯಿತೆಂದು ತಿಳಿಯಲು ಬಿರ್ನಕ್ಕ ಮೊದಲು ಕೇಳುವುದು ಗಂಡನ ಹಡಗು ದಡಕ್ಕೆ ಬಂದ ದಿನವನ್ನು. ಬಂದರಿನ ಅಧಿಕಾರಿಯೂ ಹಳೆಯ ದಿನಾಂಕ ಮರೆತಾಗ ತನ್ನನ್ನೇ ಕೇಳುತ್ತಾನೆಂದು ನಗುತ್ತ ಹೇಳಿದಳು. ಮಾರ್ಯುನ್‌ಗೆ ನಗು ಬರಲಿಲ್ಲ. ಎಂಟು ತಿಂಗಳಾದರೂ ಮಗು ಬೆಳೆದಿಲ್ಲ, ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. "ಅವರು ಬಂದದ್ದು ಓಲಾವ್ ಹಬ್ಬಕ್ಕೆ, ಜುಲೈ ಕೊನೇಲಿ. ದೊಡ್ಡವಳಿಗೆ ಹಾಲು ಕೊಡ್ತಿದ್ದೆ, ಮುಟ್ಟು ಇರಲಿಲ್ಲ," ಎಂದಳು. "ಆಮೇಲೆ ಗಂಡ ಬರಲೇ ಇಲ್ವಾ?" "ಸೆಪ್ಟೆಂಬರಲ್ಲಿ ಬಲೆ ರಿಪೇರಿಗೆ ಬಂದಿದ್ರು ಬಿರ್ನಕ್ಕ, ಎರಡೇ ರಾತ್ರಿ." "ಎರಡು ರಾತ್ರಿ ಸಾಲದೇನೇ ತಾಯಿ? ಏಳನೇ ತಿಂಗಳಿಗೆ ಈ ಹೊಟ್ಟೆ ಸರಿಯಾಗೇ ಇದೆ." ಕಣ್ಣೊರೆಸಿಕೊಂಡು ಮಾರ್ಯುನ್ ಗೋಡೆಯ ತುಂಬ ತೂಗುಹಾಕಿದ್ದ ಹಳೆಯ ಕ್ಯಾಲೆಂಡರುಗಳನ್ನು ನೋಡಿದಳು. ಊರಿನ ಎಲ್ಲ ಹಡಗುಗಳಿಗೂ ಹೋದ ದಿನ, ಬಂದ ದಿನ ಬರೆದಿತ್ತು; ಬಿರ್ನಕ್ಕನ ಗಂಡನ ಹಡಗಿಗೆ ಹೋದ ದಿನ ಮಾತ್ರ ಇತ್ತು. ಮೇ ಕೊನೆಗೆ ಮಾರ್ಯುನ್‌ಗೆ ಗುಂಡುಗುಂಡಾದ ಗಂಡುಮಗು ಹುಟ್ಟಿತು. ಬಿರ್ನಕ್ಕನಿಗೆ ಈಗ ಎಂಬತ್ತಾರು. ದಿನವೂ ಕಿಟಕಿಯ ಬಳಿ ಕೂತು, ದಡಕ್ಕೆ ಬಂದ ಹಡಗುಗಳ ಹೆಸರು ಬರೆದಿಡುತ್ತಾಳೆ.